ಏಳು ಮೈಲಿ

ಕನ್ನಡಕದಂಗಡಿಯ ಹೆಂಗಸು ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದಳು. ಅವನು ಒಂಬತ್ತಕ್ಕೇ ಬಂದು ಅತ್ತಿಗೆಯ ಮನೆಯ ಹಿಂದಿನ ಶೆಡ್ಡಿನಲ್ಲಿ, ಅಣ್ಣನ ಬೈಕಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಇಷ್ಟು ಬೇಗ ಬಂದದ್ದು ನೋಡಿ ಅತ್ತಿಗೆ, "ನಿಮ್ಮಣ್ಣನಿಗಿಂತ ನಿನಗೇ ಇದರ ಮೇಲೆ ಪ್ರೀತಿ ಜಾಸ್ತಿ ಕಣೋ" ಎಂದು ಚಹಾ ಕೊಟ್ಟು ಹೋಗಿದ್ದರು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಹೆಂಗಸು ಬರುವುದರೊಳಗೆ ಎಣ್ಣೆಯ ನಲ್ಲಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳಲು ಆದೀತೇ ಎಂದು ನೋಡಲು ಬಂದಿದ್ದ. ಎಣ್ಣೆ ಟ್ಯಾಂಕಿನ ಅಡಿಯಲ್ಲಿ, ಎಂಜಿನ್ನಿಗೆ ಹೋಗುವ ಕೊಳವೆಯ ನಡುವೆ, ಹೆಬ್ಬೆಟ್ಟಿನ ಗಾತ್ರದ ಹಿತ್ತಾಳೆ ನಲ್ಲಿ. ಬ್ರಿಟಿಷರು ಮಾಡಿ ಕಳಿಸಿದ ಗಾಡಿಯಲ್ಲಿ ಅದು ಇರಲಿಲ್ಲ, ಅಣ್ಣನೇ ಹಾಕಿಸಿದ್ದು. ವಯಸ್ಸಾದ ಗಾಡಿ, ಹತ್ತು ದಿನ ಸುಮ್ಮನೆ ನಿಂತರೆ ಟ್ಯಾಂಕಿನ ಎಣ್ಣೆಯೆಲ್ಲ ತೊಟ್ಟು ತೊಟ್ಟಾಗಿ ಎಂಜಿನ್ನಿನ ಹೊಟ್ಟೆಗಿಳಿದು, ಆಮೇಲೆ ಕಿಕ್ ಹೊಡೆದರೆ ಬೀದಿ ತುಂಬ ಹೊಗೆ. ಅದಕ್ಕೇ ನಲ್ಲಿ. ನಿಲ್ಲಿಸಿದಾಗ ಮುಚ್ಚಬೇಕು, ಹೊರಡುವ ಮೊದಲು ತೆರೆಯಬೇಕು. ತೆರೆಯಲು ಮರೆತರೆ ಎಂಜಿನ್ನು ಎಣ್ಣೆಯಿಲ್ಲದೆ ಓಡಿ, ಕಾದು, ಹಿಡಿದುಕೊಂಡುಬಿಡುತ್ತದೆ. ಓಡುವಾಗಲೇ ಹಿಡಿದುಕೊಂಡರೆ ಹಿಂದಿನ ಚಕ್ರವೂ ನಿಂತು, ಕೂತವನು ಬೀಳುತ್ತಾನೆ. ನಲ್ಲಿ ಇದ್ದರೆ ನಲ್ಲಿಯ ಮಾತು ಬರುತ್ತದೆ. ಮಾತು ಬಂದರೆ ಅತ್ತಿಗೆ ಆ ಕಥೆ ಹೇಳುತ್ತಾರೆ. ಅತ್ತಿಗೆ ಕಥೆ ಹೇಳುವಾಗ ಅವನು ಪಕ್ಕದಲ್ಲಿ ನಿಂತು ಹೌದೌದೆಂದು ತಲೆಯಾಡಿಸಬೇಕಾಗುತ್ತದೆ. ಒಂಬತ್ತು ವರ್ಷದಿಂದ ಆಡಿಸುತ್ತಿದ್ದ ತಲೆ, ಇನ್ನೊಂದು ಸಲ ಆಡಿಸಿದರೆ ಉದುರಿ ಬೀಳುವುದಿಲ್ಲ ಎಂದು ಮನಸ್ಸು ಹೇಳುತ್ತಿದ್ದರೂ ಕೈ ಸ್ಪ್ಯಾನರ್ ಹಿಡಿದಿತ್ತು. ನಲ್ಲಿ ತೆಗೆದು ಕೊಳವೆ ಜೋಡಿಸಿಬಿಟ್ಟರೆ ಹೆಚ್ಚೆಂದರೆ ಹೊಗೆ ಬರುತ್ತದೆ, ಹೊಗೆಯಿಂದ ಯಾರೂ ಬಿದ್ದು ಸತ್ತಿಲ್ಲ ಎಂದು ತನ್ನ ಪರವಾಗಿ ತಾನೇ ವಕಾಲತ್ತು ಹಾಕಿಕೊಂಡು ನಟ್ಟಿಗೆ ಬಲ ಕೊಟ್ಟ. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ತರಚಿತು. ಮನೆಯಿಂದ ತಂದದ್ದು ಈಗಿನ ಕಾಲದ ಅಳತೆಯ ಸ್ಪ್ಯಾನರ್. ಈ ಗಾಡಿಯ ನಟ್ಟುಗಳದ್ದು ಹಳೆಯ ಇಂಗ್ಲಿಷ್ ಅಳತೆ. ಮೂವತ್ತು ವರ್ಷ ಅಣ್ಣನ ಪಕ್ಕ ಕೂತು ಸ್ಪ್ಯಾನರ್ ಎತ್ತಿಕೊಟ್ಟವನು ಅಷ್ಟನ್ನೂ ಮರೆತು ಕಳ್ಳತನಕ್ಕೆ ಬಂದಿದ್ದ. ಗೆಣ್ಣನ್ನು ಬಾಯಲ್ಲಿಟ್ಟುಕೊಳ್ಳುವಾಗ ಗೇಟಿನ ಸದ್ದಾಯಿತು. ಹತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು.

ಅವಳಿಗೆ ಮೂವತ್ತೈದಿರಬಹುದು. ಅಣ್ಣನಿಗೆ ಕೊನೆಯ ಎರಡು ಕನ್ನಡಕ ಮಾಡಿಕೊಟ್ಟವಳು ಅವಳೇ. ಅಣ್ಣ ಸತ್ತು ಹನ್ನೊಂದು ತಿಂಗಳಾದ ಮೇಲೆ, ಅತ್ತಿಗೆ ತಮ್ಮ ಕನ್ನಡಕದ ಕಡ್ಡಿ ಸರಿಮಾಡಿಸಲು ಹೋದಾಗ, ಬೈಕನ್ನು ಏನು ಮಾಡುತ್ತೀರಿ, ನನಗೆ ಮಾರುತ್ತೀರಾ ಎಂದು ಕೇಳಿದಳಂತೆ. ತಮ್ಮನಿದ್ದಾನಲ್ಲ ಎಂಬ ಮಾತು ಅಲ್ಲಿ ಬಂದಿತೋ ಇಲ್ಲವೋ. ಬಂದಿದ್ದರೂ ಅತ್ತಿಗೆ ಏನು ಹೇಳಿರುತ್ತಾರೆಂದು ಅವನಿಗೆ ಗೊತ್ತು: ಅವನಿಗೆ ಓಡಿಸೋಕೆ ಬರಲ್ಲಮ್ಮ. ಅವಳು ಹೊಸ ನೋಟುಬುಕ್ಕು ತಂದಿದ್ದಳು, ಪೆನ್ನು ಎರಡು. "ಸಾರ್, ನನಗೇನೂ ಗೊತ್ತಿಲ್ಲ ಅಂತಲೇ ತಿಳ್ಕೊಂಡು ಒಂದರಿಂದ ಹೇಳಿ" ಎಂದು ಸ್ಟೂಲು ಎಳೆದುಕೊಂಡು ಶಾಲೆಯ ಹುಡುಗಿಯ ಹಾಗೆ ಕೂತಳು. ಅತ್ತಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಹೊಲಿಗೆ ಇಟ್ಟುಕೊಂಡು, ಕೇಳಲು ಕೂತರು.

ಅವನು ಹೇಳತೊಡಗಿದ. ಹೇಳುತ್ತಾ ಹೇಳುತ್ತಾ, ನಾಚಿಕೆಯಾಗುವಷ್ಟು, ಖುಷಿಯಾಗತೊಡಗಿತು. ವಿದ್ಯುತ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೆಲಸ ಅವನದು. ದಿನವಿಡೀ ಜನ ಅವನಿಗೆ ಹೇಳುತ್ತಾರೆ, ಅವನು ಬರೆದುಕೊಳ್ಳುತ್ತಾನೆ. ಅವನು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಳ್ಳುತ್ತಿರುವುದು ಜನ್ಮದಲ್ಲಿ ಇದೇ ಮೊದಲು. ಈಗಿನ ಸ್ಪ್ಯಾನರ್ ಇದಕ್ಕೆ ಕೂರಲ್ಲ, ಹಟ ಮಾಡಿದರೆ ನಟ್ಟಿನ ಮೂಲೆ ಸವೆಯುತ್ತದೆ, ಪೆಟ್ಟಿಗೆಯಲ್ಲಿರುವ ಹಳೆಯವನ್ನೇ ಬಳಸಿ, ಎಂದು ತರಚಿದ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೇಳಿದ. ಕೆಳಗೆ ತಟ್ಟೆ ಇಡಿ, ಎಣ್ಣೆ ಸೋರುತ್ತದೆ, ಹೆದರಬೇಡಿ. ಸೋರುವುದು ನಿಂತ ದಿನ ಹೆದರಿ. ಇದು ಅಣ್ಣನ ಮಾತು, ಅವಳು ನಕ್ಕಳು, ಅವನು ತನ್ನದೇ ಎಂಬಂತೆ ಆ ನಗುವನ್ನು ಇಟ್ಟುಕೊಂಡ. ಚೈನು ಬೆರಳಲ್ಲಿ ಎತ್ತಿದರೆ ಇಷ್ಟು ಆಡಬೇಕು, ಬಿಗಿ ಮಾಡಿದ ಮೇಲೆ ಚಕ್ರ ತಿರುಗಿಸಿ ಇನ್ನೊಂದು ಕಡೆಯೂ ನೋಡಬೇಕು. ಪ್ರತಿ ಸಲ ಓಡಿಸಿ ಬಂದ ಮೇಲೆ ಕೈಯಲ್ಲಿ ಒಂದೊಂದೇ ನಟ್ಟು ಮುಟ್ಟಿ ನೋಡಿ, ನಡುಕಕ್ಕೆ ಸಡಿಲವಾಗುತ್ತವೆ. ಸ್ಟಾರ್ಟ್ ಮಾಡುವಾಗ ಸಿಟ್ಟಿನಿಂದ ಒದೆಯಬೇಡಿ. ಮೊದಲು ಕಿಕ್ಕನ್ನು ಮೆಲ್ಲಗೆ ಒತ್ತಿ. ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಎಂಜಿನ್ನಿನ ಒತ್ತಡ ಬಿಡುವ ಈ ಚಿಕ್ಕ ಲಿವರ್ ಹಿಡಿದು ಒಂದಿಷ್ಟೇ ದಾಟಿಸಿ. ಆಮೇಲೆ ಕಾಲನ್ನು ಪೂರ್ತಿ ಮೇಲೆ ತಂದು ಒಂದೇ ಸಲ, ಕೆಳಗಿನವರೆಗೆ. ಅರ್ಧಕ್ಕೆ ಬಿಟ್ಟರೆ ಹಿಂದಕ್ಕೆ ಒದೆಯುತ್ತದೆ. ತೋರಿಸಲು ಕಿಕ್ಕಿನ ಮೇಲೆ ಚಪ್ಪಲಿ ಇಟ್ಟ, ಒತ್ತಿದ, ಗಟ್ಟಿಯಾಗಿ ನಿಂತ ಜಾಗ ಅಂಗಾಲಿಗೆ ಸಿಕ್ಕಿತು, ಲಿವರಿನ ಮೇಲಿದ್ದ ಬೆರಳು ತಾನಾಗಿ ಮಡಚಿಕೊಂಡಿತು. ಕಾಲು ಏನನ್ನೂ ಮರೆತಿರಲಿಲ್ಲ.

ಒಂಬತ್ತು ವರ್ಷದ ಹಿಂದಿನ ಆ ಶನಿವಾರ ಮೂರನೆಯ ಕಿಕ್ಕಿಗೆ ಹತ್ತಿಕೊಂಡಿತ್ತು. ಅಣ್ಣ ಅತ್ತಿಗೆ ಮಗಳ ಮನೆಗೆ ಹೋಗಿದ್ದರು, ಗಿಡಗಳಿಗೆ ನೀರು ಹಾಕಲು ಅವನ ಕೈಗೆ ಬೀಗದ ಕೈ ಕೊಟ್ಟಿದ್ದರು. ಕಚೇರಿಯಲ್ಲಿ, ಯಾವುದೋ ಮಧ್ಯಾಹ್ನ, ಎಲ್ಲರೂ ತಮ್ಮ ತಮ್ಮ ಕಾರಿನ ಮಾತಾಡುತ್ತಿದ್ದಾಗ, ನನ್ನ ಹತ್ತಿರ ಹಳೆಯ ಬ್ರಿಟಿಷ್ ಬೈಕಿದೆ ಎಂದುಬಿಟ್ಟಿದ್ದ. ನಮ್ಮಣ್ಣನ ಹತ್ತಿರ ಎನ್ನಬೇಕಾದ ಬಾಯಿ ನನ್ನ ಹತ್ತಿರ ಎಂದಿತ್ತು, ಅಷ್ಟೆ. ಅಲ್ಲಿಂದ ಮುಂದೆ ಎರಡು ವರ್ಷ ಆ ಬೈಕನ್ನು ಮಾತಿನಲ್ಲೇ ಸಾಕಿದ. ಟೈಪಿಸ್ಟು ಹೆಂಗಸು ವಾರಕ್ಕೊಮ್ಮೆ, ನಿಮ್ಮ ಗಾಡಿ ಹೇಗಿದೆ ಎಂದು ಕುಶಲ ಕೇಳುತ್ತಿದ್ದಳು. ನಿವೃತ್ತನಾಗುತ್ತಿದ್ದ ಹಿರಿಯ ಗುಮಾಸ್ತ, "ನಾನು ಹೋಗೋದ್ರೊಳಗೆ ಒಂದ್ಸಲ ತಂದು ತೋರಿಸಯ್ಯಾ, ಇದೆಯೋ ಬರೀ ಬುರುಡೆಯೋ" ಎಂದಿದ್ದ. ಹಾಸ್ಟೆಲಿನಲ್ಲಿ ಗೆಳೆಯನ ಬೈಕಿನ ಮೇಲೆ ಕಲಿತದ್ದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ದಿನ ಬೈಕು ಬೀದಿಯಲ್ಲಿ ಗುಡುಗುತ್ತಾ ಹೊರಟಾಗ ನಲವತ್ತೈದರ ಗಂಡಸಿಗೆ ಕಣ್ಣಲ್ಲಿ ನೀರು ಬಂದಿತ್ತು. ಕಚೇರಿಯ ಮುಂದೆ ಫೋಟೋ ತೆಗೆಸಿಕೊಂಡ, ಗುಮಾಸ್ತ ಬೆನ್ನು ತಟ್ಟಿದ. ವಾಪಸು ಬರುವಾಗ ಸೇತುವೆಯ ಹತ್ತಿರ ಸುಟ್ಟ ವಾಸನೆ, ಒಳಗಿನಿಂದ ಕಟಕಟ ಸದ್ದು. ನಿಲ್ಲಿಸಿದ. ಆಗ ನೆನಪಾಯಿತು, ನಲ್ಲಿ. ತೆರೆದ. ಆಮೆಯ ನಡಿಗೆಯಲ್ಲಿ ಮನೆ ಸೇರಿಸಿ, ಒರೆಸಿ, ನಲ್ಲಿಯನ್ನು ಮೊದಲಿದ್ದ ಹಾಗೆಯೇ ಮುಚ್ಚಿ, ಗಿಡಗಳಿಗೆ ಎಂದಿಗಿಂತ ಹೆಚ್ಚು ನೀರು ಹಾಕಿದ್ದ. ಆ ಫೋಟೋ ಇವತ್ತಿಗೂ ಕಚೇರಿಯ ಮೇಜಿನ ಗಾಜಿನಡಿ ಇದೆ. ತೆಗೆದರೆ ಏಕೆ ತೆಗೆದೆ ಎಂದು ಕೇಳುತ್ತಾರೆ.

"ಸಾರ್, ಇದೇನು ಇಲ್ಲಿ ಚಿಕ್ಕ ನಲ್ಲಿ?" ಎಂದಳು ಅವಳು. ಬಗ್ಗಿ, ಟಾರ್ಚಿನ ಬೆಳಕು ಬಿಟ್ಟು ನೋಡುತ್ತಿದ್ದಳು. ಸಾಸಿವೆಯಷ್ಟು ಸ್ಕ್ರೂಗಳ ಜೊತೆ ದಿನ ಕಳೆಯುವವಳ ಕಣ್ಣಿಗೆ ಹೆಬ್ಬೆಟ್ಟಿನಷ್ಟು ನಲ್ಲಿ ತಪ್ಪೀತೇ. "ನಟ್ಟಿನ ಮೇಲೆ ಯಾರೋ ಹೊಸದಾಗಿ ಗೀಚಿದ್ದಾರೆ." ಅವನು ಕೈಯನ್ನು ಬೆನ್ನ ಹಿಂದೆ ಇನ್ನೂ ಬಿಗಿಯಾಗಿ ಹಿಡಿದುಕೊಂಡ, ನಲ್ಲಿಯ ಕೆಲಸವನ್ನು ಗಡಿಬಿಡಿಯಿಂದ, ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದ. ಮುಂದಿನ ಮಾತಿಗೆ ಹಾರಿ ಬ್ಯಾಟರಿಗೆ ಹೋಗುವುದರಲ್ಲಿದ್ದ. ಆದರೆ ಅತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಅದನ್ನ ಎರಡು ಸಲ ಬರ್ಕೋ ಕಣಮ್ಮ" ಎಂದರು. "ಆ ನಲ್ಲಿಯಿಂದ್ಲೇ ನಮ್ಮ ಮನೆಯವರು ಮೂಲೆ ಸೇರಿದ್ದು. ಒಂದು ಭಾನುವಾರ ತೆರೆಯೋದು ಮರೆತು ಹೊರಟಿದಾರೆ. ಮಾರ್ಕೆಟ್ ಹತ್ರ ಗಾಡಿ ಗಕ್ಕಂತ ಹಿಡ್ಕೊಂಡು ಬಿದ್ದರು. ಮಂಡಿ ವಾಸಿ ಆಯ್ತು. ಮನಸ್ಸು ಆಗ್ಲಿಲ್ಲ. ಔಷಧಿ ಅಂಗಡಿ ಅವರದ್ದು, ಗೊತ್ತಲ್ಲ? ಇಪ್ಪತ್ತೆಂಟು ವರ್ಷ ಒಂದು ಮಾತ್ರೆ ಹೆಚ್ಚುಕಮ್ಮಿ ಕೊಟ್ಟವರಲ್ಲ. ಇಷ್ಟು ದೊಡ್ಡದನ್ನೇ ಮರೆತೆ, ನಾಳೆ ಯಾರದೋ ಮಗೂಗೆ ಏನೋ ಕೊಟ್ಟುಬಿಟ್ರೆ ಅಂತ ಕೌಂಟರ್ ಬಿಟ್ಟುಬಿಟ್ರು. ಅಂಗಡೀನೇ ಬೇರೆಯವರಿಗೆ ಬಿಟ್ಟುಕೊಟ್ಟರು. ಇವನನ್ನ ಕೇಳು, ಇವನೇ ಜೊತೆಗಿದ್ದ." ಅವನು ತಲೆಯಾಡಿಸಿದ. ನಿರೀಕ್ಷಿಸಿದ್ದಷ್ಟು ಕಷ್ಟವಾಗಲಿಲ್ಲ, ಅಭ್ಯಾಸಬಲ.

ಜೊತೆಗಿದ್ದ, ನಿಜ. ಅಂಗಡಿಯವರೊಬ್ಬರು ಫೋನು ಮಾಡಿದಾಗ ಅತ್ತಿಗೆಗಿಂತ ಮೊದಲು ಓಡಿದವನು ಅವನೇ. ಅಣ್ಣ ಫುಟ್‌ಪಾತಿನ ಮೇಲೆ ಕಾಲು ನೀಡಿ ಕೂತಿದ್ದ, ಪ್ಯಾಂಟಿನ ಮಂಡಿ ಹರಿದು, ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಗೊಂದಲ. ಬೈಕನ್ನು ಎತ್ತಿ ನಿಲ್ಲಿಸಿದ್ದರು. ಅವನು ಬಗ್ಗಿ ನೋಡಿದ. ನಲ್ಲಿ ತೆರೆದಿತ್ತು. ಅಣ್ಣ ಸರಿಯಾಗಿಯೇ ತೆರೆದುಕೊಂಡು ಹೊರಟಿದ್ದ. ನಿನ್ನೆ ಒಣಗಿದ್ದ ಬೇರಿಂಗು ಇವತ್ತು ಪ್ರಾಣ ಬಿಟ್ಟಿತ್ತು. ನಿಂತ ಗಾಡಿಯ ನಲ್ಲಿ ಮುಚ್ಚಬೇಕು. ಅದು ನಿಯಮ, ಅಣ್ಣನೇ ಕಲಿಸಿದ್ದು. ಅವನು ಮುಚ್ಚಿದ. ನಿಯಮಕ್ಕಾಗಿ ಮುಚ್ಚಿದನೇ? ಆ ಪ್ರಶ್ನೆಯನ್ನು ಬಸ್ಸಿನಲ್ಲಿ, ಸ್ನಾನದಲ್ಲಿ, ದೂರು ಬರೆದುಕೊಳ್ಳುವಾಗ ಎಷ್ಟು ಸಾವಿರ ಸಲ ಕೇಳಿಕೊಂಡಿದ್ದಾನೋ. ಒಮ್ಮೆ ಹೌದು ಎನ್ನಿಸುತ್ತದೆ, ಒಮ್ಮೆ ಆ ಬೆರಳುಗಳನ್ನು ಕತ್ತರಿಸಿ ಬಿಸಾಡಬೇಕು ಎನ್ನಿಸುತ್ತದೆ. ಐದು ನಿಮಿಷಕ್ಕೆ ಗ್ಯಾರೇಜಿನ ಮೇಸ್ತ್ರಿ ಬಂದ, ಬಗ್ಗಿದ, "ನಲ್ಲಿ ಮುಚ್ಚೇ ಇದೆಯಲ್ಲ ಸಾರ್" ಎಂದ. ಈಗ ತಾನೇ ನಾನು ಮುಚ್ಚಿದೆ ಎನ್ನಲು ನಾಲ್ಕು ಮಾತು ಸಾಕಿತ್ತು. ಅಣ್ಣ, "ತೆರೆದಿದ್ದೆ" ಎಂದ. ಸ್ವಲ್ಪ ಹೊತ್ತಾದ ಮೇಲೆ, "ತೆರೆದಿರಬೇಕು" ಎಂದ. ಆಟೋ ಹತ್ತುವಾಗ, "ಮರೆತಿರಬೇಕು ಕಣೋ" ಎಂದ. ಆಗ ಅಣ್ಣನ ಭುಜ ಹಿಡಿದುಕೊಂಡು, ಎಷ್ಟೊಂದು ಮೃದುವಾಗಿ, "ವಯಸ್ಸಾಯ್ತಲ್ಲಣ್ಣ, ಆಗುತ್ತೆ" ಎಂದಿದ್ದ. ಮಾಡಿದ್ದೆಲ್ಲಕ್ಕಿಂತ ಆ ಮಾತೇ ಅವನಿಗೆ ಹೇಸಿಗೆ. ಅಣ್ಣನಿಗೆ ಆಗ ಐವತ್ತೆರಡು.

ಅವಳು ಸ್ಪ್ಯಾನರ್ ಪೆಟ್ಟಿಗೆಯನ್ನು ತೆರೆದು ಒಂದೊಂದೇ ಹೊರಗಿಡುತ್ತಿದ್ದಳು. ತಳದಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಪುಟ್ಟ ಪುಸ್ತಕ. "ಅಯ್ಯೋ, ಎಲ್ಲಾ ಬರೆದಿಟ್ಟಿದ್ದಾರೆ!" ಅಣ್ಣನ ದುಂಡು ಅಕ್ಷರ, ಜೀವಮಾನವೆಲ್ಲ ಡಾಕ್ಟರರ ಕೋಳಿಗಾಲನ್ನು ಓದಿ ಬೇಸತ್ತು ತಾನು ಮುತ್ತು ಪೋಣಿಸುತ್ತಿದ್ದ. ಪ್ರತಿ ಸಾಲಿಗೂ ತಾರೀಖು, ಮೈಲಿಯ ಅಂಕಿ, ಪಕ್ಕದಲ್ಲಿ ತೆರೆದೆ ಅಥವಾ ಮುಚ್ಚಿದೆ. ಅಂಥ ಪುಸ್ತಕ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಹಾಳೆ ತಿರುವುತ್ತಾ ಬಂದು, ಒಂದು ಕಡೆ ನಿಂತಳು. "ಅಮ್ಮಾ, ಇದು ಆ ಭಾನುವಾರದ್ದು ಅನಿಸುತ್ತೆ. ಓದಲಾ?" ಅವಳು ಓದಿದಳು: "ಮೇಸ್ತ್ರಿ ಬಿಚ್ಚಿ ತೋರಿಸಿದ. ಎಣ್ಣೆ ಇಲ್ಲದೆ ಓಡಿದೆ. ಪುಸ್ತಕದಲ್ಲಿ ತೆರೆದೆ ಎಂದು ಬರೆದಿದ್ದೇನೆ, ತೆರೆದಿರಲಿಲ್ಲ. ಮೈಲಿಯ ಅಂಕಿಯೂ ಹಿಂದಿನ ವಾರದ್ದಕ್ಕೆ ಹೊಂದುವುದಿಲ್ಲ, ಏಳು ಹೆಚ್ಚಿಗೆ ಬರೆದಿದ್ದೇನೆ. ಈಗ ಕಣ್ಣೆದುರಿಗಿರುವುದನ್ನೂ ಸರಿಯಾಗಿ ಬರೆಯಲಾರೆ. ಇನ್ನು ಕೌಂಟರಿನಲ್ಲಿ ಕೂರಬಾರದು."

ಶೆಡ್ಡಿನ ತಗಡಿನ ಮೇಲೆ ಯಾವುದೋ ಹಕ್ಕಿ ನಡೆದಾಡುವ ಸದ್ದು. ಅವನು ಏನನ್ನಾದರೂ ಎದುರಿಸಲು ಸಿದ್ಧನಿದ್ದ, ಇದನ್ನಲ್ಲ. ಸಾಕ್ಷಿಗಳೆಲ್ಲ ಪುಸ್ತಕದಲ್ಲೇ ಇದ್ದವು, ತಮ್ಮನ ವಿರುದ್ಧದ ಸಾಕ್ಷಿಗಳು, ದುಂಡಗೆ, ತಾರೀಖಿನ ಸಮೇತ. ಒಂದೊಂದನ್ನೂ ಎತ್ತಿಕೊಂಡು ಅಣ್ಣ ತನ್ನ ತಲೆಯ ಮೇಲೆಯೇ ಹಾಕಿಕೊಂಡಿದ್ದ. ತಮ್ಮನ ಮೇಲೆ ಅನುಮಾನ ಪಡುವುದಕ್ಕಿಂತ ತನ್ನ ಕಣ್ಣು, ಕೈ, ಬುದ್ಧಿ ಎಲ್ಲದರ ಮೇಲೆ ಅನುಮಾನ ಪಡುವುದು ಅಣ್ಣನಿಗೆ ಸುಲಭವಾಗಿತ್ತು. ಹಾಗಲ್ಲ, ತಮ್ಮ ಎಂಬ ಯೋಚನೆಯೇ ಬಂದಿರಲಿಕ್ಕಿಲ್ಲ.

ಅವಳು ಮಾತ್ರ ಬಿಡಲಿಲ್ಲ. ಬೆರಳನ್ನು ಹಾಳೆಯ ಮೇಲಿಟ್ಟು ಮೇಲೆ ಕೆಳಗೆ ಓಡಿಸುತ್ತಿದ್ದಳು. "ಇಲ್ಲ ಅಮ್ಮಾ, ಅಂಕಿ ತಪ್ಪಿಲ್ಲ. ಮುಂದಿನ ಸಾಲುಗಳೆಲ್ಲ ಇದಕ್ಕೇ ಸರಿಹೊಂದುತ್ತೆ. ತಪ್ಪು ಬರೆದಿದ್ರೆ ಮುಂದೆ ಎಲ್ಲಾದರೂ ಏಳು ಕಮ್ಮಿ ಆಗಬೇಕಿತ್ತು. ಗಾಡಿ ನಿಜವಾಗಿ ಏಳು ಮೈಲಿ ಓಡಿದೆ, ಅವರು ಇಲ್ಲದಾಗ. ಮನೇಲಿ ಇನ್ಯಾರಿಗೆ ಓಡಿಸೋಕೆ ಬರ್ತಿತ್ತು?"

ಅತ್ತಿಗೆ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. "ಇನ್ಯಾರು? ಉಳಿದವನು ಇವನೊಬ್ಬ. ಇವನು ಸೈಕಲ್ ಮೇಲೂ ಗೋಡೆ ಹಿಡ್ಕೊಂಡು ಹತ್ತೋನು. ಅವರು ಎಷ್ಟು ಸಲ ಕರೆದ್ರು, ಬಾರೋ ಕಲಿಸ್ತೀನಿ ಅಂತ. ನನಗೆ ಬರಲ್ಲಣ್ಣ, ನನಗೆ ಭಯ ಅಂತ ಮೂಲೆ ಹಿಡಿಯೋನು." ಅವಳೂ ಮರ್ಯಾದೆಗೆ ಬೇಕಾದಷ್ಟು ನಕ್ಕಳು. ಆ ನಗು ಬಾಗಿಲು ತೆರೆದು ಹಿಡಿದಿತ್ತು, ಅವನು ದಾಟಿಕೊಂಡರೆ ಮುಗಿಯಿತು. ಒಂಬತ್ತು ವರ್ಷ ಬರಲ್ಲ, ಭಯ ಎಂದು ಜೋಪಾನವಾಗಿ ಕಟ್ಟಿದ ಕೋಟೆ ಇವತ್ತು ಬೇಕಾದ ಹೊತ್ತಿಗೆ ಕೆಲಸಕ್ಕೆ ಬಂದಿತ್ತು. ಅವನೂ ನಕ್ಕರೆ ಸಾಕು. ನಗಲು ಮುಖದ ಸ್ನಾಯುಗಳು ಹೊರಟೂ ಇದ್ದವು. ಆದರೆ ಎದುರಿಗೆ ಆ ಹೆಂಗಸು ಕೂತಿದ್ದಳು. ಎರಡು ಗಂಟೆ ಅವನ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡವಳು, ಈಗ ಗೋಡೆ ಹಿಡಿದು ಸೈಕಲ್ ಹತ್ತುವವನನ್ನು ನೋಡುವಂತೆ ನೋಡುತ್ತಿದ್ದಳು.

"ನನಗೆ ಬರುತ್ತೆ" ಎಂದ.

ಬಾಯಿಂದ ಬಂದ ಮೇಲೆ ಅದನ್ನು ಕೇಳಿಸಿಕೊಂಡ. ಪಶ್ಚಾತ್ತಾಪದ ದನಿಯಲ್ಲ ಅದು. ಕಚೇರಿಯಲ್ಲಿ ನನ್ನ ಹತ್ತಿರ ಬೈಕಿದೆ ಎಂದ ಅದೇ ದನಿ. ಅತ್ತಿಗೆಯ ನಗು ಮುಖದ ಮೇಲೆ ಇನ್ನೂ ಉಳಿದಿತ್ತು. "ಏನು ಬರುತ್ತೆ?" ಎಂದರು. ಅವನು ಹೇಳಿದ. ಬೀಗದ ಕೈ, ಕಚೇರಿ, ಫೋಟೋ, ಸೇತುವೆ. ಸೊಗಸಾಗಿ ಹೇಳಲು ಎಷ್ಟೋ ಸಲ ಮನಸ್ಸಿನಲ್ಲಿ ಅಭ್ಯಾಸ ಮಾಡಿದ್ದ ವಾಕ್ಯಗಳಿದ್ದವು, ಒಂದೂ ಬರಲಿಲ್ಲ. ಮಾತು ಮುಗಿದಾಗ, ಹೇಳಬೇಕಾದ್ದನ್ನೆಲ್ಲ ಹೇಳಿದೆ ಎಂಬಂತೆ ಒಂದು ನಿಟ್ಟುಸಿರು ಸಹ ಹೊರಬಂದಿತು, ನಾಚಿಕೆಗೆಟ್ಟ ನಿಟ್ಟುಸಿರು.

"ಆದರೆ ಸಾರ್," ಎಂದಳು ಕನ್ನಡಕದವಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ, ಎರಡು ಗಾಜಿನ ನಂಬರು ತಾಳೆಯಾಗದಿದ್ದರೆ ಅಂಗಡಿಯಲ್ಲಿ ಹೀಗೆಯೇ ಕೇಳುತ್ತಾಳೇನೋ. "ನೀವು ಓಡಿಸಿದ್ದು ಹಿಂದಿನ ದಿನ. ಅವರು ತೆರೆದೆ ಅಂತ ಬರೆದಿದ್ದಾರೆ, ತೆರೆದೇ ಹೊರಟಿರ್ತಾರೆ. ಹಾಗಿದ್ರೆ ಬಿದ್ದ ಜಾಗದಲ್ಲಿ ನಲ್ಲಿ ಮುಚ್ಚಿದ್ದು ಹೇಗೆ?"

ಏಳು ಮೈಲಿಯನ್ನು ಒಪ್ಪಿಕೊಳ್ಳಲು ಅಹಂಕಾರ ಕೈ ಹಿಡಿದಿತ್ತು. ಇದಕ್ಕೆ ಏನೂ ಇರಲಿಲ್ಲ. ಗೊತ್ತಿಲ್ಲ ಎನ್ನಬಹುದು. ಎತ್ತಿ ನಿಲ್ಲಿಸಿದವರು ಯಾರೋ ತಿರುಗಿಸಿರಬೇಕು ಎನ್ನಬಹುದು. ಅತ್ತಿಗೆ ನಂಬುತ್ತಾರೆ, ಅವರು ಈಗಲೂ ಅವನನ್ನು ನಂಬುವುದಕ್ಕೆ ಏನಾದರೂ ಸಿಕ್ಕೀತೇ ಎಂದು ಹುಡುಕುವವರಂತೆ ಅವನ ಮುಖವನ್ನೇ ನೋಡುತ್ತಿದ್ದರು. ಗಂಟಲಲ್ಲಿ ಬಿಸಿತುಪ್ಪ ಎನ್ನುತ್ತಾರಲ್ಲ, ಅದಕ್ಕೆ ರುಚಿಯಾದರೂ ಇರುತ್ತದೆ.

"ನಾನು ಮುಚ್ಚಿದೆ" ಎಂದ. "ಮೇಸ್ತ್ರಿ ಬರೋದಕ್ಕೆ ಮುಂಚೆ. ನಿಂತ ಗಾಡಿ ಅಂತ ಮುಚ್ಚಿದೆ." ಸುಳ್ಳೋ ನಿಜವೋ ತಿಳಿಯದ ಆ ಕೊನೆಯ ಮಾತನ್ನು ಸೇರಿಸಬಾರದಿತ್ತು. "ಆಮೇಲೆ ಹೇಳಲಿಲ್ಲ."

ಅತ್ತಿಗೆ ಬೈಯುತ್ತಾರೆ ಎಂದುಕೊಂಡ. ಎದ್ದು ಹೊಡೆದರೂ ಹೊಡೆಯಲಿ ಎಂದು ಆಸೆಪಟ್ಟ. ಹೊಡೆತಕ್ಕೆ ಒಂದು ಕೊನೆ ಇರುತ್ತದೆ. ಅವರು ಅವನನ್ನು ನೋಡುವುದನ್ನೇ ಬಿಟ್ಟಿದ್ದರು. ಹೊಲಿಗೆಯ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಮಲಗೋ ಮುಂಚೆ ನಾಲ್ಕು ಸಲ ಏಳ್ತಿದ್ರು" ಎಂದರು, ಯಾರಿಗೆಂದಿಲ್ಲದೆ. "ಗ್ಯಾಸ್ ಆರಿಸಿದೀನಾ, ಬಾಗಿಲು ಹಾಕಿದೀನಾ, ನೀನೊಂದ್ಸಲ ನೋಡು ಅಂತ. ದಿನಾ. ನನಗೆ ರೋಸಿಹೋಗ್ತಿತ್ತು. ನಿಮ್ಮ ಮರೆವಿಗೆ ನಾನೇನು ಕಾವಲುಗಾರ್ತೀನಾ ಅಂತ ಒಂದಿನ ತಟ್ಟೆ ಎಸೆದಿದ್ದೆ. ಆಮೇಲೆ ಅವರು ನನ್ನ ಕೇಳೋದು ಬಿಟ್ಟರು, ತಾವೇ ಕತ್ತಲಲ್ಲಿ ತಡಕಾಡಿಕೊಂಡು ಹೋಗಿ ನೋಡಿ ಬರ್ತಿದ್ರು." ಬಟ್ಟೆಯ ಅಂಚನ್ನು ಬೆರಳಿಂದ ತೀಡಿದರು. "ಏನೂ ಮರೀದೇ ಇದ್ದವರ ಮೇಲೆ ರೇಗ್ತಿದ್ದೆನಲ್ಲೋ ನಾನು."

ಕ್ಷಮಿಸಿ ಎನ್ನುವ ಮಾತು ಅವನ ಬಾಯಿಯವರೆಗೆ ಬಂದು, ಅದಕ್ಕೇ ನಾಚಿಕೆಯಾಗಿ ಹಿಂದಿರುಗಿತು. ತನ್ನ ಹೊರೆ ಇಳಿದೀತು ಎಂದುಕೊಂಡಿದ್ದ; ಇಳಿಯಲಿಲ್ಲ, ಅದರಲ್ಲೊಂದು ಪಾಲನ್ನು ಒಯ್ದು ಅತ್ತಿಗೆಯ ಮಡಿಲಿಗೆ ಹಾಕಿದ್ದ. ಇನ್ನು ಅವರು ಅದನ್ನು ಹೇಳಿಕೊಳ್ಳಲು ಯಾರ ಹತ್ತಿರ ಹೋಗಬೇಕು? ಕನ್ನಡಕದವಳು ಪುಸ್ತಕವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಕೇಳದೆ, ಅತ್ತಿಗೆಯ ಕೈಗೆ ಕೊಟ್ಟಳು.

ಅತ್ತಿಗೆ ಅದನ್ನು ಹೊಲಿಗೆಯ ಕೆಳಗಿಟ್ಟುಕೊಂಡರು. ಆಮೇಲೆ, ಮನೆಗೆ ಬಂದ ಕೆಲಸದವನಿಗೆ ಹೇಳುವ ದನಿಯಲ್ಲಿ, "ಇನ್ನೇನಿದೆ ಹೇಳೋದು? ಹೇಳಿ ಮುಗಿಸಿ. ಅವಳು ಎಷ್ಟು ಹೊತ್ತು ಕೂರಬೇಕು" ಎಂದರು. ಮೂವತ್ತು ವರ್ಷದಲ್ಲಿ ಅತ್ತಿಗೆ ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಅವನು ಹೇಳಿ ಮುಗಿಸಿದ. ಬ್ಯಾಟರಿ ಆರು ವೋಲ್ಟಿನದು, ತಿಂಗಳಿಗೊಮ್ಮೆ ನೀರು ನೋಡಬೇಕು. ಪೆಟ್ರೋಲು ಹೆಚ್ಚು ದಿನ ನಿಂತರೆ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ಮುಂದಿನ ಬ್ರೇಕನ್ನು ಪೂರ್ತಿ ನಂಬಬೇಡಿ. ಅವಳು ಬರೆದುಕೊಂಡಳು, ಆದರೆ ಈಗ ಒಂದೊಂದು ಮಾತಿಗೂ ಬಗ್ಗಿ, ಅದು ಹೌದೋ ಅಲ್ಲವೋ ತಾನೇ ಮುಟ್ಟಿ ನೋಡಿ ಬರೆದುಕೊಳ್ಳುತ್ತಿದ್ದಳು. ಅದು ಸರಿಯೇ ಎಂದುಕೊಂಡ. ಒಳ್ಳೆಯ ಅಭ್ಯಾಸ.

ಕೊನೆಗೆ ಸ್ಟಾರ್ಟ್ ಮಾಡುತ್ತೇನೆ ಎಂದಳು. ಬೈಕನ್ನು ಅಂಗಳಕ್ಕೆ ತಳ್ಳಿ ನಿಲ್ಲಿಸಿ, ಮೊಣಕಾಲೂರಿ, ನಲ್ಲಿಯನ್ನು ಎರಡು ಬೆರಳಲ್ಲಿ ತಿರುಗಿಸಿದಳು. "ತೆರೆದೆ" ಎಂದು ಜೋರಾಗಿ ಹೇಳಿದಳು. ಅವನು ಅವಳ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದ. ನೋಡಿ ಹೌದು ಎನ್ನಲು ಆಗಲೇ ಬಗ್ಗಿದ್ದ. ಅವಳು ಅವನನ್ನು ದಾಟಿ ಬಾಗಿಲ ಕಡೆ ತಿರುಗಿದಳು. "ಅಮ್ಮಾ, ನೀವೊಂದ್ಸಲ ಬಂದು ನೋಡ್ತೀರಾ?"

ಅತ್ತಿಗೆ ಹೊಲಿಗೆಯನ್ನು ಕುರ್ಚಿಯ ಮೇಲಿಟ್ಟು, ಮಂಡಿಗೆ ಕೈಯೂರಿ ಎದ್ದು, ಅಂಗಳ ದಾಟಿ ಬಂದರು. ಅವನು ದಾರಿ ಬಿಟ್ಟು ಗೋಡೆಗೆ ಸರಿದ. ಅವರು ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ಬಗ್ಗಿ, ಎಷ್ಟೋ ಹೊತ್ತು ನೋಡಿದರು.

"ತೆರೆದಿದೆ" ಎಂದರು.